ಓದುವವಳ ಪಾಲು

ಊದುಬತ್ತಿ ಹೊಸೆಯುವವರ ಮನೆ ಎಂದರೆ ಸದಾ ಘಮಘಮ ಎನ್ನುತ್ತಿತ್ತೇನೋ ಎಂದು ಜನ ತಿಳಿಯುತ್ತಾರೆ. ಹಾಗೇನೂ ಇರಲಿಲ್ಲ. ಪರಿಮಳ ಹಾಕುವುದು ಕಾರ್ಖಾನೆಯಲ್ಲಿ. ನಮ್ಮ ಕೈಯಿಂದ ಹೋಗುತ್ತಿದ್ದದ್ದು ಬರೀ ಕರಿ ಕಡ್ಡಿ. ಮೈಸೂರು ಉದಯಗಿರಿಯ ನಮ್ಮ ಮನೆಯಲ್ಲಿ ಇದ್ದದ್ದು ಇದ್ದಿಲ ಪುಡಿಯ, ಮರದ ಹೊಟ್ಟಿನ, ಒದ್ದೆ ಗೋಣಿಚೀಲದ ವಾಸನೆ. ಒಂದು ನಡುಮನೆ, ಅದರ ಹಿಂದೆ ಅಡುಗೆಗೊಂದು ಸಂದು, ಮೇಲೆ ಶೀಟು, ಹೊರಗೆ ಆರು ಮನೆಗೆ ಒಂದೇ ನಲ್ಲಿ. ಈಗಲೂ ನಾನು ಇರುವುದು ಅದೇ ಮನೆಯಲ್ಲಿ. ಶೀಟು ಹೋಗಿ ತಾರಸಿ ಬಂತು, ಹೊಸೆಯುವ ಕೆಲಸವನ್ನು ಯಂತ್ರ ತೆಗೆದುಕೊಂಡಿತು. ನನ್ನ ಬಲಭುಜಕ್ಕೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಬೆಳಿಗ್ಗೆ ಎದ್ದರೆ ಹಿಂದಿನ ದಿನವೆಲ್ಲ ಮಣೆಯ ಮುಂದೆ ಕೂತಿದ್ದವಳ ಹಾಗೆ ನೋಯುತ್ತದೆ. ನಾನು ಓದಿದ್ದು ಏಳನೇ ತರಗತಿಯವರೆಗೆ. ಎರಡು ಪುಟ ಬರೆಯುವಷ್ಟರಲ್ಲಿ ಸುಸ್ತಾಗಿ ಮಲಗಿಬಿಡುತ್ತೇನೆ. ಮನೆಯ ಬೇರೆ ಕತೆಗಳನ್ನು ಬೇರೆಯವರೂ ಹೇಳಿಯಾರು. ಇದನ್ನು ಮಾತ್ರ ನಾನೇ ಬರೆಯಬೇಕು, ಯಾಕೆಂದರೆ ಮಾಡಿದವಳು ನಾನು.

ಮನೆಯಲ್ಲಿ ಇದ್ದವರು ಮೂವರು. ಅವ್ವ, ನಾನು, ನನಗಿಂತ ಐದು ವರ್ಷ ಚಿಕ್ಕವಳಾದ ತಂಗಿ ರತ್ನ. ಅಪ್ಪ ಎಂದರೆ ನನಗೆ ಗೂಟಕ್ಕೆ ನೇತುಹಾಕಿದ್ದ ಒಂದು ಕಂದು ಕೋಟಷ್ಟೇ ನೆನಪು, ರತ್ನನಿಗೆ ಅದೂ ಇಲ್ಲ. ಅವ್ವನ ತವರು ಮಂಡಕಳ್ಳಿ. ಮದುವೆಯಾಗಿ ಮೈಸೂರಿಗೆ ಬಂದದ್ದೇ ಅವಳ ದೊಡ್ಡ ಪ್ರಯಾಣ. ಬೆಳಗಿನ ಹೊತ್ತು ಕೃಷ್ಣಮೂರ್ತಿಪುರಂನಲ್ಲಿ ನಿವೃತ್ತರಾದ ಒಬ್ಬ ಮೇಷ್ಟ್ರ ಮನೆಯಲ್ಲಿ ಮುಸುರೆ ತಿಕ್ಕಿ, ಕಸ ಗುಡಿಸಿ ಬರುತ್ತಿದ್ದಳು. ಬಂದವಳೇ ಕೈಕಾಲು ತೊಳೆದು ಮಣೆಯ ಮುಂದೆ ಕೂರುತ್ತಿದ್ದಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ರೇಷನ್ ಕಾರ್ಡಿಗೆ, ಶಾಲೆಯ ಅರ್ಜಿಗೆ, ಎಲ್ಲದಕ್ಕೂ ಅವಳ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದರೆ ಸಾಲದು, ಅದು ಇಂಥವರದೇ ಎಂದು ಗುರುತಿಸಿ ಪಕ್ಕದಲ್ಲಿ ಇನ್ನೊಬ್ಬರು ಸಾಕ್ಷಿಯ ಸಹಿ ಹಾಕಬೇಕು. ಆ ಸಹಿ ನನ್ನದು. ಶಾಲೆ ಬಿಟ್ಟ ಮೇಲೂ ನನ್ನ ಅಕ್ಷರಕ್ಕೆ ಉಳಿದಿದ್ದ ಕೆಲಸ ಅದೊಂದೇ. ಅವ್ವನ ಕಪ್ಪು ಗುರುತಿನ ಪಕ್ಕ ಗುಂಡಗೆ ‘ಮಾದೇವಿ’ ಎಂದು ಬರೆಯುವಾಗ ನನಗೆ ಬಹಳ ದೊಡ್ಡವಳಾದಂತೆ ಅನ್ನಿಸುತ್ತಿತ್ತು.

ಪುಸ್ತಕಗಳು ಬರುತ್ತಿದ್ದದ್ದು ಆ ಮೇಷ್ಟ್ರ ಮನೆಯಿಂದ. ಅವರ ಬೀರುವಿನಲ್ಲಿ ಒಂದು ಖಾನೆ ತುಂಬ ಪ್ರವಾಸದ ಪುಸ್ತಕಗಳೇ ಇದ್ದವು. ಮೇಷ್ಟ್ರು ಸ್ವತಃ ಎಲ್ಲಿಗೂ ಹೋದವರಲ್ಲ, ಚಾಮುಂಡಿ ಬೆಟ್ಟ ಹತ್ತಿದರೆ ಮಂಡಿ ಹಿಡಿಯುತ್ತಿತ್ತಂತೆ. ಒಂದು ದಿನ ಅವ್ವನ ಜೊತೆ ಹೋಗಿದ್ದ ರತ್ನ ಬೀರುವಿನ ಮುಂದೆ ನಿಂತು ಪುಸ್ತಕಗಳ ಬೆನ್ನಿನ ಮೇಲಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದ್ದನ್ನು ಕೇಳಿ, ಅವರೇ ಒಂದನ್ನು ತೆಗೆದು, ಹಳೇ ಪತ್ರಿಕೆಯ ಹೊದಿಕೆ ಹಾಕಿ ಕೊಟ್ಟರು. ಜೊತೆಗೆ ಒಂದು ಕರಾರು.

“ನಿಮ್ಮ ಮನೆ ಕೆಲಸ ಏನು ಅಂತ ನಂಗೊತ್ತು. ಪುಟದ ಮೇಲೆ ಒಂದೇ ಒಂದು ಕರಿ ಬೆರಳು ಬಿದ್ರೂ ಮುಂದಿನ ಪುಸ್ತಕ ಇಲ್ಲ ಕಣಮ್ಮ.”

ಆ ಒಂದು ಮಾತಿನಿಂದ ನಮ್ಮ ಮನೆಯ ಕಟ್ಟಳೆ ಹುಟ್ಟಿತು. ಓದುವವಳು ಕಡ್ಡಿಗೆ ಹಚ್ಚುವ ಕರಿ ಮಸಾಲೆ ಮುಟ್ಟಬಾರದು. ಮಧ್ಯಾಹ್ನ ಶಾಲೆಯಿಂದ ಬಂದು, ನಲ್ಲಿಯ ಹತ್ತಿರ ಮೊಣಕೈವರೆಗೆ ಕೈ ತೊಳೆದು, ಲಂಗಕ್ಕೆ ಒರೆಸಿಕೊಳ್ಳದೆ ಗಾಳಿಯಲ್ಲಿ ಆಡಿಸಿ ಒಣಗಿಸಿ, ರತ್ನ ಬಾಗಿಲ ಬೆಳಕಿಗೆ ಕೂತು ಗಟ್ಟಿಯಾಗಿ ಓದಬೇಕು. ಅವ್ವ, ನಾನು ಕೇಳುತ್ತ ಹೊಸೆಯಬೇಕು. ಅವಳ ಪಾಲಿನ ಕಡ್ಡಿಯನ್ನು ನಾನು ಹೊಸೆಯಬೇಕು. ಯಾರೂ ಹೀಗೆಂದು ಹೇಳಲಿಲ್ಲ, ತಾನಾಗಿ ಹಾಗಾಯಿತು. ನನಗೆ ಬೇಸರವೂ ಇರಲಿಲ್ಲ. ಬಿದಿರ ಕಡ್ಡಿಯನ್ನು ಮಣೆಯ ಮೇಲಿಟ್ಟು, ಚಿಟಿಕೆ ಮಸಾಲೆ ಹಚ್ಚಿ, ಅಂಗೈಯಿಂದ ಮುಂದಕ್ಕೆ ತಳ್ಳುವ ಕೆಲಸಕ್ಕೆ ಕಣ್ಣೂ ಬೇಡ, ತಲೆಯೂ ಬೇಡ. ಕೈ ಅಲ್ಲಿ ಓಡುತ್ತಿದ್ದರೆ ನಾನು ರತ್ನನ ದನಿಯ ಹಿಂದೆ ಹೋಗಿಬಿಡುತ್ತಿದ್ದೆ. ಒಂದು ನದಿ ಎಲ್ಲಿ ಹುಟ್ಟುತ್ತದೆಂದು ನೋಡಲು ಒಬ್ಬ ಮನುಷ್ಯ ತಿಂಗಳುಗಟ್ಟಲೆ ನಡೆಯುತ್ತಿದ್ದ. ಹಗ್ಗದ ಸೇತುವೆ, ಅದರ ಕೆಳಗೆ ಹಾಲಿನಂತೆ ನೊರೆಯುಕ್ಕುವ ನೀರು. ಚಹಾಕ್ಕೆ ಉಪ್ಪು, ಬೆಣ್ಣೆ ಹಾಕಿ ಕುಡಿಯುವ ಜನ. ರತ್ನ ಬೇಕೆಂದೇ ನಮ್ಮ ಹೆಸರುಗಳನ್ನೂ ಒಳಗೆ ಸೇರಿಸಿ ಓದುತ್ತಿದ್ದಳು. ಅವನು ಸೇತುವೆ ದಾಟಿದ, ಅವನ ಹಿಂದೆ ಅಕ್ಕ ದಾಟಿದಳು, ಅವ್ವ ಮಾತ್ರ ಎಲೆ ಅಡಿಕೆ ಚೀಲ ಮರೆತು ಬಂದೆ ಎಂದು ಈಚೆ ದಡದಲ್ಲೇ ಕೂತಳು, ಹೀಗೆ. ಅವ್ವ ನಗುತ್ತಿದ್ದಳು. ಆದರೆ ಅವಳಿಗೆ ಬೇಕಾಗಿದ್ದ ವಿವರಗಳೇ ಬೇರೆ.

“ಅಲ್ಲ ಕಣೇ, ಒತ್ತೊತ್ತಿಗೆ ಅವ್ನು ಉಣ್ಣಕ್ಕೆ ಏನ್ ಮಾಡ್ಕತಿದ್ದ?”

“ರೊಟ್ಟಿ ಅಂತ ಬರ್ದವ್ರೆ ಅವ್ವ.”

“ತಟ್ಟೆ ತೊಳ್ದೋರು ಯಾರು?”

“ಅದು ಬರ್ದಿಲ್ಲ.”

“ಬರೆಯಕಿಲ್ಲ ಬುಡು. ತೊಳ್ದಿರೋಳು ಓದಕಿಲ್ವಲ್ಲ.”

ಕಡ್ಡಿಗಳ ಕಟ್ಟು ಒಯ್ಯಲು ಮೇಸ್ತ್ರಿ ಬಂದಾಗ ಕೆಲವು ಸಲ ತಕರಾರಾಗುತ್ತಿತ್ತು. ಒಂದು ಕಟ್ಟಿನಲ್ಲಿ ಕಡ್ಡಿಗಳೆಲ್ಲ ದಪ್ಪಗೆ, ಗಂಟುಗಂಟಾಗಿ ಇದ್ದವು. ಯಾಕಮ್ಮ ಹೀಗೆ ಎಂದು ಆತ ಗದರಿದರೆ ಅವ್ವ ಮುಖ ಗಂಟಿಕ್ಕಿಕೊಂಡೇ ಹೇಳಿದಳು:

“ಅವತ್ತು ಅಗ್ಗದ ಸೇತುವೆ ಮ್ಯಾಲಿದ್ವಿ ಕಣಣ್ಣ. ಕೈ ಬಿಗಿ ಇಡ್ಕಂಡ್ಬುಟ್ವಿ.”

ಮೇಸ್ತ್ರಿ ನಮ್ಮ ಮೂವರನ್ನೂ ಒಮ್ಮೆ ನೋಡಿ, ತಲೆ ಕೊಡವಿಕೊಂಡು, ಕಟ್ಟನ್ನು ಎತ್ತಿಕೊಂಡು ಹೋದ. ಈ ಮನೆಯಲ್ಲಿ ಅಷ್ಟು ನಕ್ಕ ದಿನಗಳು ಆಮೇಲೆ ಬರಲಿಲ್ಲ.

ಐದು ವರ್ಷ ಹೀಗೆ ನಡೆಯಿತು. ಬಾಗಿಲ ಪಕ್ಕದ ಗೋಡೆಯ ಮೇಲೆ ರತ್ನ ಇದ್ದಿಲಿನಿಂದ ಒಂದು ನಕ್ಷೆ ಬರೆದಿದ್ದಳು. ನಮ್ಮ ಹೊಸ್ತಿಲಿನಿಂದ ಶುರುವಾದ ಗೆರೆ ಶೀಟಿನವರೆಗೂ ಹೋಗಿತ್ತು. ಪ್ರತಿ ಪುಸ್ತಕ ಮುಗಿದಾಗಲೂ ಅದಕ್ಕೊಂದು ಕವಲು. ದೊಡ್ಡವರಾದ ಮೇಲೆ ನಾವಿಬ್ಬರೂ ಅದೇ ಗೆರೆ ಹಿಡಿದು ಹೋಗುವುದು ಎಂದು ಮಾತಾಗಿತ್ತು. ನಾನು ಅದನ್ನು ಮಕ್ಕಳ ಮಾತೆಂದು ತಿಳಿದಿರಲಿಲ್ಲ. ಹತ್ತೊಂಬತ್ತು ವರ್ಷದವಳಾಗಿದ್ದರೂ ನಾನು ನಂಜನಗೂಡು ದಾಟಿರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಹಿಮದ ಮೇಲೆ ಕಾಲಿಟ್ಟಾಗ ಆಗುವ ಸದ್ದು ನನಗೆ ಗೊತ್ತಿತ್ತು. ಪುಸ್ತಕ ಮುಟ್ಟಿದವಳು ಅವಳು, ಪ್ರಯಾಣದ ಹುಚ್ಚು ಹತ್ತಿದ್ದು ಇಬ್ಬರಿಗೂ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ರತ್ನ ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಭಾನುವಾರ ಶಾಲೆಯ ಕಾಗದವೊಂದನ್ನು ನಾಲ್ಕು ಮಡಿಕೆ ಮಾಡಿ ತಂದು ನನ್ನ ಮುಂದೆ ಹಿಡಿದಳು. ಮುಖ ಕೆಂಪಾಗಿತ್ತು. ಹಿಮಾಲಯದ ತಪ್ಪಲಿಗೆ ಶಾಲಾ ಮಕ್ಕಳ ಚಾರಣ. ಹದಿನೆಂಟು ದಿನ. ಅವಳ ಶಾಲೆಯಿಂದ ಇಬ್ಬರು, ಅದರಲ್ಲಿ ಇವಳೂ ಒಬ್ಬಳು. ಖರ್ಚೆಲ್ಲ ಶಾಲೆಯದೇ. ಮನೆಯವರ ಒಪ್ಪಿಗೆ ಪತ್ರವೊಂದು ಬೇಕು.

“ಅಕ್ಕ, ನೀನೇ ಕೇಳು. ನಾನ್ ಕೇಳಿದ್ರೆ ಬೈತಾಳೆ.”

“ನೀನ್ ಕೇಳಕ್ಕೇನು?”

“ನೀನ್ ಹೇಳಿದ್ರೆ ಅವ್ವ ಇಲ್ಲ ಅನ್ನಲ್ಲ ಕಣೇ. ನಾನು ಪುಸ್ತಕ ವಾಪಸ್ ಕೊಟ್ಟು ಬರ್ತೀನಿ. ಬರೋಷ್ಟೊತ್ತಿಗೆ ಕೇಳಿರು.”

ಅವಳು ಮೇಷ್ಟ್ರ ಮನೆಗೆ ಹೊರಟಳು. ನಾನು ಅವ್ವನ ಮುಂದೆ ಕಾಗದ ಬಿಚ್ಚಿ ಓದಿದೆ. ಓದುವಾಗ ತಡವರಿಸಿದೆ, ರತ್ನನಂತೆ ಓದಲು ನನಗೆ ಬರುತ್ತಿರಲಿಲ್ಲ. ಅವ್ವ ಬಯ್ಯುತ್ತಾಳೆ, ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದುಂಟೆ ಎನ್ನುತ್ತಾಳೆ, ನಾನು ಸಮಾಧಾನ ಹೇಳಬೇಕಾಗುತ್ತದೆ ಎಂದುಕೊಂಡಿದ್ದೆ. ಅವಳು ಹೊಸೆಯುವುದನ್ನು ನಿಲ್ಲಿಸಿ ಗೋಡೆಯ ಮೇಲಿನ ಗೆರೆಯನ್ನು ಹೊಸ್ತಿಲಿನಿಂದ ಶೀಟಿನವರೆಗೂ ಒಮ್ಮೆ ನೋಡಿದಳು.

“ಓಗ್ ಬರ್ಲಿ ಬುಡು. ನಾನಂತೂ ಮಂಡಕಳ್ಳಿ ಬುಟ್ರೆ ಈ ಮನೆ ಕಂಡೆ. ಅವ್ಳಾದ್ರೂ ಕಣ್ತುಂಬ ನೋಡ್ಕಂಡ್ ಬಂದು ನಮ್ಗೆ ಏಳ್ಲಿ. ಎಲ್ಲಿ ಒತ್ಬೇಕು?”

“ಶಾಯಿ ಬೇಕವ್ವ.”

“ಇದ್ಕಿಂತ ಶಾಯಿ ಬೇಕಾ?” ಎಂದು ಮಸಾಲೆ ಮೆತ್ತಿದ ಹೆಬ್ಬೆಟ್ಟನ್ನು ಕಾಗದದ ಮೇಲೆ ಒತ್ತಿಯೇಬಿಟ್ಟಳು. ಇದ್ದಿಲು, ಅದರ ಜೊತೆ ಅಂಟು. ಗೆರೆಗೆರೆಯೂ ಎದ್ದು ಕಾಣುವಂತೆ ಬಿತ್ತು. ಆಮೇಲೆ ಮತ್ತೆ ಕಡ್ಡಿ ಎತ್ತಿಕೊಳ್ಳುತ್ತ, ನನ್ನ ಮುಖ ನೋಡದೆಯೇ ಅಂದಳು:

“ಎಂಗೂ ಅವ್ಳ ಪಾಲು ನೀನೇ ಒಸೀತೀಯ. ಇನ್ನೊಂದ್ ಅದಿನೆಂಟು ದಿನ ಒಸ್ದುಬುಡು.”

ಇಷ್ಟೇ. ಅವ್ವ ಕೆಟ್ಟದ್ದೇನೂ ಹೇಳಲಿಲ್ಲ, ಸತ್ಯವನ್ನೇ ಹೇಳಿದಳು. ಆದರೆ ಆ ಮಾತು ಬಿದ್ದ ಕೂಡಲೇ ಐದು ವರ್ಷದ ಕಡ್ಡಿಗಳೆಲ್ಲ ಒಟ್ಟಿಗೆ ನನ್ನ ಭುಜದ ಮೇಲೆ ಕೂತಂತಾಯಿತು. ಆ ಸೇತುವೆಗಳನ್ನೆಲ್ಲ ನಾನೂ ದಾಟಿದ್ದೆ. ಈಗ ನಿಜವಾದ ಸೇತುವೆ ಬಂದಾಗ ಅವಳು ಒಬ್ಬಳೇ ದಾಟುವುದು, ನಾನು ಇಲ್ಲೇ ಕೂತು ಅವಳ ಪಾಲು ಹೊಸೆಯುವುದು. ಹೊಟ್ಟೆಕಿಚ್ಚು ಎಂದರೆ ಸುಲಭವಾಗುತ್ತದೆ, ಅದು ಹೌದು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ, ನನ್ನನ್ನು ಬಿಟ್ಟು ಹೋಗುತ್ತಿದ್ದಾರೆ ಎಂಬ ಒಂದು ಮೊಂಡು ದುಃಖ. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ಪೆನ್ನು ಹುಡುಕುವ ನೆಪದಲ್ಲಿ ನಾನು ಎದ್ದು ಸಂದಿನೊಳಗೆ ಹೋದೆ. ಪೆನ್ನು ಅಲ್ಲೇ ಉಪ್ಪಿನ ಡಬ್ಬಿಯ ಹಿಂದೆ ಇತ್ತು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಕಾಗದವನ್ನು ಮಡಿಸಿ ನನ್ನ ಟ್ರಂಕಿನ ತಳದಲ್ಲಿ, ಹಳೇ ಲಂಗದ ಕೆಳಗೆ ಇಟ್ಟೆ.

ರತ್ನ ಹೊಸ ಪುಸ್ತಕ ಹಿಡಿದು ಓಡುತ್ತ ಬಂದಳು. ನಾನು ನಲ್ಲಿಯ ಹತ್ತಿರವೇ ಅವಳನ್ನು ತಡೆದೆ.

“ಅವ್ವ ಬೇಡ ಅಂದ್ಳು ಕಣೇ. ಕಾಗ್ದ ಹರ್ದು ಒಲೆಗೆ ಹಾಕ್ಬುಟ್ಳು. ಅವಳ ಮುಂದೆ ಮತ್ತೆ ಎತ್ಬೇಡ, ಒಂದೇ ಸಮ ಅತ್ತವ್ಳೆ.”

ಶಾಲೆಯಲ್ಲಿ ಗಟ್ಟಿಯಾಗುವವರೆಗೆ ರತ್ನನ ಮುಂದೆ ಎತ್ತಬೇಡ ಎಂದು ಅವ್ವನಿಗೆ ಮೊದಲೇ ಹೇಳಿಟ್ಟಿದ್ದೆ. ಎರಡು ದಿನ ಬಿಟ್ಟು ಅವಳಿಗೆ ಬೇರೆ ಹೇಳಿದೆ.

“ಶಾಲೇಲಿ ಆ ಪ್ರವಾಸನೇ ನಿಂತೋಯ್ತಂತೆ. ರತ್ನಿಗೆ ಬೇಜಾರಾಗದೆ. ನೀನ್ ಕೇಳಕ್ಕೋಗ್ಬೇಡ.”

ಎರಡು ಸುಳ್ಳು, ಎರಡು ಕಡೆ. ನಡುವೆ ನಾನು. ಒಬ್ಬಳ ಸಂಕಟವನ್ನು ಕೆಣಕಬಾರದೆಂದು ಇನ್ನೊಬ್ಬಳು ಸುಮ್ಮನಿದ್ದಳು. ಅವರಿಬ್ಬರ ಒಳ್ಳೆಯತನದಿಂದಲೇ ನನ್ನ ಸುಳ್ಳು ನಿಂತಿತು. ನಾನು ಎರಡು ದಿನ ಬಿಟ್ಟು ಹೇಳಿಬಿಡೋಣ ಎಂದುಕೊಂಡೆ, ಆಮೇಲೆ ಒಂದು ವಾರ ಬಿಟ್ಟು. ಅಷ್ಟರಲ್ಲಿ ತಂಡ ಹೊರಟೇಹೋಯಿತು.

ತಂಡ ಹೊರಟ ದಿನ ರತ್ನ ಶಾಲೆಯಿಂದ ಬಂದವಳು ನಲ್ಲಿಗೆ ಹೋಗಲಿಲ್ಲ. ನೇರ ಒಳಗೆ ಬಂದು, ಮೂಲೆಯಲ್ಲಿದ್ದ ಮೂರನೆಯ ಮಣೆ ಎಳೆದುಕೊಂಡು, ಮಸಾಲೆಯ ಬೋಗುಣಿಗೆ ಎರಡೂ ಕೈ ಇಳಿಬಿಟ್ಟಳು. ಕೈ ಕಪ್ಪಾಯಿತು. ಕಪ್ಪಾದ ಕೈಯವಳನ್ನು ಓದು ಎನ್ನುವಂತಿರಲಿಲ್ಲ, ಅದು ನಮ್ಮದೇ ಕಟ್ಟಳೆ. ಅಂದಿನಿಂದ ಮೂರು ಮಣೆಗಳ ಸದ್ದಷ್ಟೇ. ಅವಳ ಪಾಲನ್ನು ಅವಳೇ ಹೊಸೆದಳು, ನನಗಿಂತ ಬೇಗ, ನನಗಿಂತ ನೆಟ್ಟಗೆ. ನನಗೆ ಬೇಕಿದ್ದದ್ದು ಇದೇ ತಾನೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಮೇಷ್ಟ್ರ ಹೊಸ ಪುಸ್ತಕ ಎರಡು ತಿಂಗಳು ದೇವರ ಗೂಡಿನಲ್ಲಿ ಕೂತು, ಮತ್ತೆ ಬಿಚ್ಚದೆಯೇ ವಾಪಸು ಹೋಯಿತು. ಅವ್ವ ಕೇಳಿದಳು.

“ಯಾಕವ್ವ ರತ್ನಿ, ಓದಾಕಿಲ್ಲ ಅಂತೀಯ?”

“ಕಣ್ಣು ನೋವು.”

ಅವ್ವ ಅದನ್ನು ನಂಬಿದಳು. ಮೇಷ್ಟ್ರ ಮನೆಯ ಹಿತ್ತಲಿನಿಂದ ದಿನಾ ನಂದಿಬಟ್ಟಲ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು, ಕಣ್ಣಿಗೆ ತಂಪು ಎಂದು. ಮಲಗಿದ ಮಗಳ ರೆಪ್ಪೆಯ ಮೇಲೆ ತಾನೇ ಇಡುತ್ತಿದ್ದಳು. ಅವ್ವ ಆಚೆ ಹೋದ ಕೂಡಲೇ ರತ್ನ ಎರಡೂ ಹೂವನ್ನು ಕಿತ್ತು ಗೋಡೆಗೆ ಎಸೆಯುತ್ತಿದ್ದಳು. ಎಸೆದ ಹೂವನ್ನು ಅವ್ವನ ಕಣ್ಣಿಗೆ ಬೀಳದಂತೆ ಗುಡಿಸಿ ಹಾಕುತ್ತಿದ್ದವಳು ನಾನು. ಎಷ್ಟು ದಿನ ಗುಡಿಸಿದೆನೋ. ಯುಗಾದಿಗೆ ಸುಣ್ಣ ಬಳಿಯುವಾಗ ಗೋಡೆಯ ಗೆರೆಯ ಮೇಲೂ ಬಳಿದೆವು. ರತ್ನನೇ ಬಳಿದಳು, ಮೂರು ಸಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಹೇಳಲು ಶಕ್ತಿಯೂ ಇಲ್ಲ. ನಾನು ಮದುವೆಯಾಗಿ ಎರಡೇ ವರ್ಷಕ್ಕೆ ಈ ಮನೆಗೆ ವಾಪಸು ಬಂದೆ. ರತ್ನ ಮಂಡ್ಯಕ್ಕೆ ಮದುವೆಯಾಗಿ ಹೋದಳು. ಗಂಡ ಒಳ್ಳೆಯವನು, ಒಂದು ಮಗಳು. ಹಬ್ಬಕ್ಕೆ ಬಂದರೂ ಬೆಳಿಗ್ಗೆ ಬಂದು ಸಂಜೆಗೆ ಹೊರಡುವಳು. ಅವ್ವ ಬಡಿಸಿದರೆ ತಟ್ಟೆ ನೋಡಿಕೊಂಡು ಉಣ್ಣುವಳು. ಬೇರೆ ಊರಿಗೆ ಕರೆದರೆ ಹೋಗುತ್ತಿರಲಿಲ್ಲವಂತೆ, ಏನಿದೆ ಅಲ್ಲಿ ಎನ್ನುತ್ತಿದ್ದಳಂತೆ. ಈಗ ಮಂಡಕಳ್ಳಿಯಿಂದ ವಿಮಾನ ಹಾರುತ್ತದೆ. ಅವ್ವ ಕೊನೆಗಾಲದಲ್ಲಿ ಸದ್ದು ಕೇಳಿದಾಗಲೆಲ್ಲ ಮಂಚದಿಂದ ತಲೆ ಎತ್ತಿ, ನಮ್ಮಪ್ಪ ರಾಗಿ ಬಿತ್ತಿದ್ದ ಕಡೆಯಿಂದ ಎದ್ದು ಬಂತು ನೋಡು, ಎನ್ನುತ್ತಿದ್ದಳು. ಒಂದು ದಿನ ನನ್ನ ಕೈ ಹಿಡಿದು ಕೇಳಿದಳು.

“ರತ್ನಿ ಬಂದ್ರೆ ಒಂದೀಟು ಓದ್ಸವ್ವ. ಆ ಸೇತುವೆದು.”

ರತ್ನ ಬಂದಳು. ಅವ್ವನ ಆಸೆ ಹೇಳಿ, ಮೇಷ್ಟ್ರ ಮನೆಯಿಂದ ಕೇಳಿ ತಂದಿದ್ದ ಹಳೇ ಪುಸ್ತಕ ಮುಂದಿಟ್ಟೆ. ಕನ್ನಡಕ ತಂದಿಲ್ಲ ಎಂದಳು. ಕನ್ನಡಕ ಅವಳ ಚೀಲದಲ್ಲಿ ಕಾಣುತ್ತಿತ್ತು. ನನ್ನ ಟ್ರಂಕು ಅವ್ವನ ಮಂಚದ ಕೆಳಗೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇಬ್ಬರೂ ಬದುಕಿದ್ದರು, ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ನಾನು ಕಾಫಿ ಮಾಡಲು ಎದ್ದು ಹೋದೆ. ಹತ್ತೊಂಬತ್ತರ ಹುಡುಗಿ ಮಾಡಿದ್ದಕ್ಕೆ ಒಂದು ಕಾರಣವನ್ನಾದರೂ ಹುಡುಕಬಹುದು. ಅವತ್ತು ಕಾಫಿ ಮಾಡಲು ಎದ್ದವಳಿಗೆ ಐವತ್ತು ದಾಟಿತ್ತು. ಆ ವಾರವೇ ಅವ್ವ ಹೋದಳು.

ಈ ಸಲದ ಪಿತೃಪಕ್ಷಕ್ಕೆ ಅವ್ವನಿಗೆ ಎಡೆ ಇಡುವ ದಿನ ರತ್ನ ಬಂದಿದ್ದಳು. ಅವ್ವನ ಪಟದ ಮುಂದೆ ಬಾಳೆಲೆ ಹಾಕಿ, ಅನ್ನ, ಸಾರು, ವಡೆ, ಎಲೆ ಅಡಿಕೆ ಇಟ್ಟೆ. ಇನ್ನೇನು ಇಡಬೇಕಿತ್ತು ಎಂದು ಯೋಚಿಸುತ್ತಿದ್ದೆ.

“ಅವ್ವನಿಗೆ ಇನ್ನೇನೇ ಇಷ್ಟ ಇತ್ತು, ರತ್ನ?”

“ನಂಗೇನ್ ಗೊತ್ತು? ನಂಗಿಷ್ಟ ಇದ್ದಿದ್ದು ಅವಳಿಗೆ ಇಷ್ಟ ಇರ್ಲಿಲ್ಲ, ಅದೊಂದ್ ಗೊತ್ತು.”

ಪಟದ ಕಡೆಗೆ ನೋಡದೆ, ಹೂವಿನ ತೊಟ್ಟು ಮುರಿಯುತ್ತ ಹೇಳಿದಳು. ಅವಳ ಕೂದಲೂ ಬೆಳ್ಳಗಾಗಿದೆ. ಇಷ್ಟು ವರ್ಷ ಆದ ಮೇಲೂ, ಸತ್ತವಳ ಎಲೆಯ ಮುಂದೆ ಕೂಡ ಆ ಮುನಿಸು ಹಾಗೇ ಇತ್ತು. ನನಗೆ ಧೈರ್ಯ ಬಂತೆಂದು ಹೇಳಲಾರೆ. ಹೊತ್ತು ಹೊತ್ತು ಸಾಕಾಗಿತ್ತು, ಅಷ್ಟೇ. ಒಳಗೆ ಹೋಗಿ ಟ್ರಂಕಿನ ತಳದಿಂದ ಕಾಗದ ತೆಗೆದು ತಂದು ಅವಳ ಮಡಿಲಲ್ಲಿ ಇಟ್ಟೆ. ಅವ್ವ ಹೂಂ ಅಂದಿದ್ದಳು, ನಾನೇ ಮುಚ್ಚಿಟ್ಟೆ, ನಿನಗೊಂದು ಅವಳಿಗೊಂದು ಸುಳ್ಳು ಹೇಳಿದೆ, ಎಂದೆ.

ರತ್ನ ಮಡಿಕೆ ಬಿಚ್ಚಿದಳು. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿಯುವಂತಾಗಿತ್ತು. ಹೆಬ್ಬೆಟ್ಟು ಮಾತ್ರ ಅಂದು ಒತ್ತಿದಂತೆಯೇ ಇತ್ತು. ನಾನು ಬಯ್ಗುಳಕ್ಕೆ ಕಾಯುತ್ತಿದ್ದೆ.

“ಏನಂದ್ಳು ಅವ್ವ? ಅವಳು ಅಂದಂಗೇ ಹೇಳು.”

“ಓಗ್ ಬರ್ಲಿ ಬುಡು ಅಂದ್ಳು. ಅವ್ಳಾದ್ರೂ ಕಣ್ತುಂಬ ನೋಡ್ಕಂಡ್ ಬಂದು ನಮ್ಗೆ ಏಳ್ಲಿ ಅಂದ್ಳು.”

“ಇನ್ನೊಂದ್ಸಲ ಹೇಳು.”

ಹೇಳಿದೆ.

ಅವಳು ಎದ್ದು ಹೊರಗೆ ಹೋದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು ಎಂದುಕೊಂಡೆ. ನಲ್ಲಿಯ ಸದ್ದು ಕೇಳಿಸಿತು. ಮೊಣಕೈವರೆಗೆ ಕೈ ತೊಳೆದು, ಸೀರೆಗೆ ಒರೆಸಿಕೊಳ್ಳದೆ, ಗಾಳಿಯಲ್ಲಿ ಆಡಿಸುತ್ತ ಒಳಗೆ ಬಂದಳು. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಾಗಿಲ ಬೆಳಕಿಗೆ, ಅವ್ವನ ಪಟಕ್ಕೆ ಎದುರಾಗಿ ಕೂತು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದಿದಳು.

“ನನ್ನ ಮಗಳು ರತ್ನಮ್ಮ, ಒಂಬತ್ತನೇ ತರಗತಿ, ಈಕೆಯು ಶಾಲೆಯ ಚಾರಣ ತಂಡದೊಂದಿಗೆ ಹಿಮಾಲಯದ ತಪ್ಪಲಿಗೆ ಹೋಗಿಬರಲು ನನ್ನ ಸಂಪೂರ್ಣ ಒಪ್ಪಿಗೆ ಇರುತ್ತದೆ.”

ಅದೇ ದನಿ. ಸ್ವಲ್ಪ ಒಡೆದಿತ್ತು, ಆದರೆ ಅದೇ. ಅವಳು ನನ್ನ ಹೆಸರನ್ನು ಎಲ್ಲಿಯೂ ಸೇರಿಸಲಿಲ್ಲ, ಇದ್ದದ್ದನ್ನು ಇದ್ದಂತೆ ಓದಿದಳು. ತಾಯಿ ಅಥವಾ ತಂದೆಯ ಸಹಿ ಎಂದು ಓದಿ, ಹೆಬ್ಬೆಟ್ಟಿನ ಮೇಲೆ ತನ್ನ ಹೆಬ್ಬೆರಳನ್ನು ಒಂದು ಗಳಿಗೆ ಇಟ್ಟಳು. ಆಮೇಲೆ ಕೊನೆಯ ಸಾಲು. ಹೆಬ್ಬೆಟ್ಟನ್ನು ಗುರುತಿಸಿದವರ ಸಹಿ ಎಂದು ಓದಿ ನಿಲ್ಲಿಸಿದಳು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

“ಇದು ಖಾಲಿ ಇದೆ.”

ಚೀಲದಿಂದ ಪೆನ್ನು ತೆಗೆದು ನನ್ನ ಕಡೆ ಚಾಚಿದಳು. ನಾನು ನೆಲದ ಮೇಲೆ ಕೂತು, ಕಾಗದವನ್ನು ಹಳೇ ಮಣೆಯ ಮೇಲಿಟ್ಟುಕೊಂಡು ‘ಮಾದೇವಿ’ ಎಂದು ಬರೆದೆ. ಕೊನೆಯ ಅಕ್ಷರ ಗೆರೆಯಿಂದ ಕೆಳಗಿಳಿಯಿತು. ಸಹಿಯ ಕೆಳಗೆ ತಾರೀಕಿಗೆ ಚುಕ್ಕೆ ಹಾಕಿದ ಜಾಗವೊಂದಿತ್ತು. ಅಲ್ಲಿ ಪೆನ್ನು ನಿಲ್ಲಿಸಿ ಅವಳನ್ನು ಕೇಳಿದೆ.

“ತಾರೀಕು ಅವತ್ತಿಂದು ಹಾಕ್ಲಾ?”

“ಇವತ್ತಿಂದು ಹಾಕು.”